ಬಂಗಲೆಯ ಹಿಂಬಾಗಿಲ ಪೀಪಾಯಿ

ಅಪ್ಟನ್ ಕೋಂಬ್, ಗ್ಲಾಸ್ಟರ್‌ಶೈರ್
9 ಮಾರ್ಚ್ 1884, ಭಾನುವಾರ

ನನ್ನ ಮುದ್ದಿನ ಲೆಟ್ಟಿ,

ಕೆಮ್ಮು ಹೇಗಿದೆ ಮಗಳೇ? ಬಾತ್ ಪಟ್ಟಣದ ಆ ಹೊಲಿಗೆ ಕೋಣೆಯಲ್ಲಿ ಹಗಲೆಲ್ಲ ಕೂತರೆ ಎದೆ ಕಟ್ಟುತ್ತದೆ. ಹೆಬ್ಬಾತಿನ ಕೊಬ್ಬು ತಿಕ್ಕಿಕೋ. ನಿನ್ನ ಅಜ್ಜಿಗೆ ಮಂಡಿನೋವು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಕೆಂಪು ಹಸು ಡೈಸಿ ಕರು ಹಾಕಿದೆ.

ನಿನ್ನ ಕಾಗದ ಬಂತು. ನಿಮ್ಮ ಯಜಮಾನಿಯ ಮಗ ಲಯೊನೆಲ್ ಜೂನ್ ತಿಂಗಳಲ್ಲಿ ಯಾರೋ ಕರ್ನಲ್ ಮಗಳನ್ನು ಮದುವೆಯಾಗುತ್ತಾನೆ, ಆದರೂ ನಿನಗೆ ಪಟ್ಟಣದಾಚೆ ಪುಟ್ಟ ಮನೆ ಹಿಡಿದುಕೊಟ್ಟು ವಾರಕ್ಕೊಮ್ಮೆ ಬರುತ್ತೇನೆ ಎನ್ನುತ್ತಾನೆ, ಏನು ಮಾಡಲಿ ಅಜ್ಜ ಎಂದು ಕೇಳಿದ್ದೀಯ. ಜೊತೆಗೆ ಅವನ ಪದ್ಯ: ‘ಪ್ರೀತಿಯ ಔತಣದ ಓರ್ಟ್ಸ್ ಕೂಡ, ಪ್ರಿಯೆ, ಜೇನಿಗಿಂತ ಸಿಹಿ.’ ಓರ್ಟ್ಸ್ ಎಂಬ ನಮ್ಮ ಹಳ್ಳಿಯ ಹಳೇ ಮಾತನ್ನು ನಿನ್ನ ಬಾಯಲ್ಲೇ ಕೇಳಿ ಎತ್ತಿಕೊಂಡಿದ್ದಾನೆ. ಗೋರಿಕಲ್ಲು ನೋಡಿ ಅಕ್ಷರ ಕಲಿತವನು ನಾನು, ಪದ್ಯ ತೂಗಲು ಬರುವುದಿಲ್ಲ. ಓರ್ಟ್ಸ್ ಎಂದರೆ ಎಂಜಲು, ಅದು ಗೊತ್ತು. ಓದಿದವನೇ ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದೆ.

ಇದನ್ನು ನಿನಗೆ ಎಂದೂ ಹೇಳಿರಲಿಲ್ಲ. ನನಗೆ ಎಂಟು ವರ್ಷ, ಅಪ್ಪ ತೀರಿಕೊಂಡಿದ್ದ. ಶನಿವಾರ ಮಧ್ಯಾಹ್ನ ಅಮ್ಮನೂ ನಾನೂ ಮಡಕೆ ಹಿಡಿದು ಊರ ದೊರೆಗಳ ಬಂಗಲೆಯ ಹಿಂಬಾಗಿಲಿಗೆ ಹೋಗುತ್ತಿದ್ದೆವು. ಅಲ್ಲಿ ಓರ್ಟ್ಸ್ ಪೀಪಾಯಿ. ದೊರೆಗಳು ಉಂಡ ತಟ್ಟೆಗಳನ್ನು ವಾರವಿಡೀ ಅದಕ್ಕೇ ಹೆರೆಯುತ್ತಿದ್ದರು: ಮೀನಿನ ಮುಳ್ಳು, ಕಸ್ಟರ್ಡು, ಅಗಿದು ಉಗುಳಿದ ಮಾಂಸ, ಚುಟ್ಟಾದ ಬೂದಿ, ಎಲ್ಲದರ ಮೇಲೆ ಹೆಪ್ಪುಗಟ್ಟಿದ ಕೊಬ್ಬು. ಅಡುಗೆಯ ಪೆಗ್ಲರಮ್ಮ ಸೌಟಿನಿಂದ ಸುರಿಯುವಾಗ ಅಮ್ಮ ಮಂಡಿ ಬಗ್ಗಿಸಿ ವಂದಿಸಬೇಕು. ಒಮ್ಮೆ ಅಮ್ಮ, “ಒಸಿ ಮೇಲಿಂದ, ಇವತ್ತಿಂದು ಕೊಡ್ರಮ್ಮಾ, ಹುಡುಗನಿಗೆ ಹೊಟ್ಟೆ ಕೆಟ್ಟೈತೆ” ಎಂದಳು. “ಆರಿಸ್ಕೊಂಡು ತಿನ್ನೋಕೆ ನೀನೇನೇ, ರಾಣಿಯಾ? ಉಳಿದಿದ್ದು ಹಂದಿಗೆ ಹಾಕ್ತೀನಿ, ಅವು ಒಂದಿನಾನೂ ಗೊಣಗಿಲ್ಲ” ಎಂದಳು ಪೆಗ್ಲರಮ್ಮ. ಆ ದಿನ ನನ್ನ ಪಾಲಿಗೆ ಪ್ಲಮ್ ಕೇಕಿನ ತುಂಡು ಬಂತು, ಮೀನಿನ ರಸದಲ್ಲಿ ನೆನೆದು, ಒಂದು ಬದಿಯಲ್ಲಿ ಯಾರದೋ ಹಲ್ಲಿನ ಗುರುತು. ತಿಂದೆ. ಸಿಹಿಯಾಗಿತ್ತು ಲೆಟ್ಟಿ. ನಿನ್ನ ಲಯೊನೆಲ್ ಸುಳ್ಳು ಬರೆದಿಲ್ಲ. ಮುಂದಿನ ಶನಿವಾರ ಯಾವಾಗ ಬರುತ್ತದೋ ಎಂದು ಕಾದೆ ಕೂಡ. ಆ ಕಾದದ್ದೇ ಅರವತ್ತು ವರ್ಷದಿಂದ ನನ್ನ ಗಂಟಲಲ್ಲಿ ವಾಕರಿಕೆಯಾಗಿ ಕೂತಿದೆ.

ಇವತ್ತು ಬೆಳಿಗ್ಗೆ ಡೈಸಿಯ ಗೋದಲಿ ಬಾಚಿದೆ. ಹಸು ಮೂಸಿ ಬಿಟ್ಟ ಹುಲ್ಲಿಗೂ ನಾವು ಓರ್ಟ್ಸ್ ಎನ್ನುವುದು, ನೀನೇ ಎಷ್ಟು ಸಲ ಎತ್ತಿ ಎಸೆದಿಲ್ಲ? ಹಸಿದರೂ ಹಸು ಅದಕ್ಕೆ ಮತ್ತೆ ಬಾಯಿ ಹಾಕುವುದಿಲ್ಲ. ಪದ್ಯವನ್ನು ಅಜ್ಜಿಗೂ ಓದಿ ಹೇಳಿದೆ. “ಅವಳ್ಯಾರೋ ಉಂಡು ಬಿಟ್ಟ ತಟ್ಟೆ ನೆಕ್ಕಲಿ ಅಂತಲಾ ನಾನು ಇವಳನ್ನ ಸಾಕಿದ್ದು? ಬರೀರಿ, ಹಂಗಂತಲೇ ಬರೀರಿ” ಎಂದಳು. ಬರೆದಿದ್ದೇನೆ. ಪದ್ಯ ಒಲೆಗೆ ಹೋಯಿತು, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ತಲೆಯ ಮೇಲೆ ನಮ್ಮಿಬ್ಬರ ಕೈಯೂ ಇದೆ.

ನಿನ್ನ ಅಜ್ಜ,
ಏಮಸ್ ಟಫ್ಲಿ

ಅಂಚೆಯವನು ಹೊರಡುವ ಮುಂಚೆ ಇದೊಂದು: ಬುಧವಾರ ನಮ್ಮೂರ ಗಾಡಿಯ ಐಸಾಕ್ ಬಾತ್ ಮಾರುಕಟ್ಟೆಯ ಬಳಿ ನಿಂತಿರುತ್ತಾನೆ. ನಿನಗೂ ನಿನ್ನ ಪೆಟ್ಟಿಗೆಗೂ ಜಾಗ ಹೇಳಿಟ್ಟಿದ್ದೇನೆ. ಎರಡು ಜೀವವಾಗಿದ್ದರೂ ಬಾ. ಕೇಳಬೇಡಿ ಎಂದಿದ್ದಾಳೆ ಅಜ್ಜಿ, ನಾನು ಕೇಳುತ್ತಿಲ್ಲ. ಅವಳೇ ಅಟ್ಟದಿಂದ ನಿನ್ನ ಹಳೇ ತೊಟ್ಟಿಲು ಇಳಿಸಿಕೊಂಡು ಒರೆಸುತ್ತಾ ಕೂತಿದ್ದಾಳೆ. ಯಾಕೆ ಎಂದರೆ ಧೂಳು ಕೂತಿತ್ತು ಎನ್ನುತ್ತಾಳೆ.