ನಾರೋ, ಅಪ್ಪಣೆಯೋ

ಶಿಯೋಗಾಮಾ
ಭಾನುವಾರ, 25 ನವೆಂಬರ್ 1984

ಮಗಳು ಮಿಹೊಗೆ ಅಮ್ಮನ ಆಶೀರ್ವಾದಗಳು.

ನೀನು ಅಕ್ಟೋಬರ್ ಮೊದಲ ವಾರದಲ್ಲಿ ಬರೆದ ಕಾಗದಕ್ಕೆ ಈಗ ಉತ್ತರ ಬರೆಯಲು ಕೂತಿದ್ದೇನೆ. ಅಮ್ಮನಿಗೆ ಮರೆವು ಶುರುವಾಯಿತು ಎಂದು ಗಂಡನ ಹತ್ತಿರ ಹೇಳಿಬಿಟ್ಟಿರುತ್ತೀಯ. ಮರೆವಲ್ಲ ಮಾರಾಯ್ತಿ, ಪುರುಸೊತ್ತಿರಲಿಲ್ಲ. ನೀನು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಬರೆಯುತ್ತಿದ್ದೇನೆ. ಬೆಚ್ಚಗಿದೆ, ಹಿಮ್ಮಡಿಯಲ್ಲಿ ಸ್ವಲ್ಪ ಸಡಿಲ.

ಪುರುಸೊತ್ತು ಯಾಕಿರಲಿಲ್ಲ ಎಂದು ಹೇಳಿದರೆ ನೀನು ನಂಬುವುದಿಲ್ಲ. ಮೊನ್ನೆ ಗುರುವಾರ ನಿನ್ನ ಅಮ್ಮ ಸೆಂದಾಯ್ ನಗರದ ಸಭಾಂಗಣದಲ್ಲಿ, ಮುನ್ನೂರು ಜನರ ಮುಂದೆ ಮೈಕಿನಲ್ಲಿ ಹನ್ನೆರಡು ನಿಮಿಷ ಮಾತನಾಡಿ ಮೊದಲನೇ ಬಹುಮಾನ ತಂದಿದ್ದಾಳೆ. ಬೇಕಾದರೆ ಈ ಸಾಲನ್ನು ಇನ್ನೊಮ್ಮೆ ಓದು. ಬರೆದ ಮೇಲೆ ನಾನೂ ಎರಡು ಸಲ ಓದಿಕೊಂಡೆ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಕಮಾಬೊಕೊ ಕಾರ್ಖಾನೆಯಲ್ಲಿ ಈಗ ಪ್ರತಿ ವಿಭಾಗಕ್ಕೂ ಒಂದು ಗುಣಮಟ್ಟದ ಗುಂಪು. ಏಳೆಂಟು ಜನ ಸೇರಿ ಕೆಲಸದಲ್ಲಿ ಒಂದು ಲೋಪ ಹುಡುಕಬೇಕು, ಕಾರಣ ಪತ್ತೆ ಹಚ್ಚಿ ಸರಿಪಡಿಸಬೇಕು, ಆಮೇಲೆ ನವೆಂಬರಿನಲ್ಲಿ ಬೇರೆ ಕಾರ್ಖಾನೆಗಳವರ ಮುಂದೆ ಒಬ್ಬರು ನಿಂತು ಅದನ್ನೆಲ್ಲ ವಿವರಿಸಬೇಕು. ನಮ್ಮ ಗುಂಪಿನ ತಲೆನೋವು ನಾರು. ಅರೆದ ಮೀನಿನಲ್ಲಿ ನಾರು ಉಳಿದರೆ, ಅದನ್ನು ಅಚ್ಚು ಮಾಡಿ ಸುಟ್ಟ ಕಮಾಬೊಕೊ ಮೇಲೆ ಗೆರೆ ಬೀಳುತ್ತದೆ, ಇಡೀ ತಟ್ಟೆ ತೆಗೆದಿಡಬೇಕು. ಕೊನೆಯ ಮೇಜಿನಲ್ಲಿ ನಿಂತು ನಾರು ಹಿಡಿಯುವವಳು ನಾನು. ಕಂಡ ಕೂಡಲೇ ಕೂಗುತ್ತೇನೆ, ಅರೆಯುವ ಯಂತ್ರದವನು ನಿಲ್ಲಿಸಬೇಕು.

ಯಂತ್ರಕ್ಕೆ ಹೊಸಬ ಬಂದಿದ್ದ. ಕುಗಾ-ಸಾನ್ ಎಂದು, ನಲವತ್ತೈದರ ಮನುಷ್ಯ, ಯೊಕೊಹಾಮಾದವನು, ಹೆಂಡತಿಯ ಊರೆಂದು ಇಲ್ಲಿಗೆ ಬಂದು ನೆಲೆಸಿದ್ದಾನೆ. ನಾನು ಕೂಗಿದರೆ ಅವನು ಯಂತ್ರ ನಿಲ್ಲಿಸದೆ ಕಚೇರಿಯ ಬಾಗಿಲ ಕಡೆ ನೋಡುತ್ತಾ ನಿಲ್ಲುತ್ತಿದ್ದ. ನಾಲ್ಕು ತಿಂಗಳು ಹೀಗೇ ನಡೆಯಿತು. ನಾವು ಹೆಂಗಸರೆಲ್ಲ ಸೇರಿ ಅವನಿಗೆ ಮರದ ಗೊಂಬೆ ಎಂದು ಹೆಸರಿಟ್ಟೆವು. ಮೊದಲು ಇಟ್ಟವಳು ನಾನೇ, ಸುಳ್ಳು ಯಾಕೆ ಹೇಳಲಿ.

ನಮ್ಮ ಗುಂಪಿನ ತೊಮಿಎ ನಿನಗೆ ಗೊತ್ತಲ್ಲ, ಮೀನುಮಾರುಕಟ್ಟೆಯ ಹಿಂದಿನ ಮನೆಯವಳು. ಯಾವ ದಿನ ಎಷ್ಟು ತಟ್ಟೆ ಹಾಳಾಯಿತು ಎಂದು ಅವಳು ಚೌಕಳಿ ಕಾಗದದ ಮೇಲೆ ಚುಕ್ಕಿ ಇಟ್ಟು ನೋಡಿದಳು. ಗೆರೆ ಬಿದ್ದದ್ದೆಲ್ಲ ನಾನು ಮೇಜಿನಲ್ಲಿ, ಕುಗಾ-ಸಾನ್ ಯಂತ್ರದಲ್ಲಿ ಇದ್ದ ಪಾಳಿಯಲ್ಲೇ. ಅವನನ್ನೇ ಕರೆದು ಕೂರಿಸಿ ಟೀ ಕೊಟ್ಟು ಕೇಳಿದೆವು. ಟೀ ಕುಡಿದು ಬಟ್ಟಲು ಕೆಳಗಿಟ್ಟ. ಆಮೇಲೆ ಹೇಳಿದ:

“ಹತ್ಸುಯೊ-ಸಾನ್, ನೀವು ಪ್ರತಿ ಸಲ ‘ಅಪ್ಪಣೆ, ಅಪ್ಪಣೆ’ ಅಂತ ಕೂಗ್ತೀರಿ. ಕಚೇರಿಯಿಂದ ಏನೋ ಅಪ್ಪಣೆ ಬರುತ್ತೆ ಅಂತ ನಾನು ಕಾಯ್ತೀನಿ. ಅದು ಬರೋದೇ ಇಲ್ಲ.”

ಗೊತ್ತಾಯಿತಾ? ರೇಡಿಯೋ ಭಾಷೆಯಲ್ಲಿ ನಾರಿಗೆ ಸುಜಿ, ಅಪ್ಪಣೆಗೆ ಶಿಜಿ. ನಮ್ಮೂರ ಬಾಯಲ್ಲಿ ಎರಡೂ ಸುಜು. ಹಾಗಾದರೆ ನಾಲ್ಕು ತಿಂಗಳು ಯಾಕಪ್ಪಾ ಬಾಯಿ ಬಿಡಲಿಲ್ಲ ಎಂದು ಕೇಳಿದ್ದಕ್ಕೆ, ಅರ್ಥ ಕೇಳಿದರೆ ನಿಮ್ಮ ಮಾತನ್ನು ಹೀಯಾಳಿಸಿದ ಹಾಗಾಗುತ್ತದೆ, ಅದಕ್ಕೆ ಸುಮ್ಮನಿದ್ದೆ ಎಂದ. ನನಗೆ ಭೂಮಿಗಿಳಿದು ಹೋದ ಹಾಗಾಯಿತು. ಮೇಜಿನ ಪಕ್ಕ ಒಂದು ಹಿತ್ತಾಳೆ ಗಂಟೆ ಕಟ್ಟಿದೆವು. ಕೂಗುವ ಬದಲು ಈಗ ಹಗ್ಗ ಎಳೆಯುತ್ತೇನೆ. ಆವತ್ತಿನಿಂದ ಗೆರೆ ಬಿದ್ದ ತಟ್ಟೆಗಳು ಬೆರಳೆಣಿಕೆಯಷ್ಟು.

ಇಷ್ಟು ಮಾಡಿದ್ದು ಸುಲಭ, ಹೇಳುವುದು ಕಷ್ಟ. ಗುಂಪಿನ ಪರವಾಗಿ ನೀನೇ ನಿಲ್ಲು ಎಂದು ಎಲ್ಲರೂ ನನ್ನ ತಲೆಗೆ ಕಟ್ಟಿದರು. ನಮ್ಮ ವಿಭಾಗದ ಮುಖ್ಯಸ್ಥ ಓಯಾಮಾದಾ-ಸಾನ್ ತಾವೇ ಭಾಷಣ ಬರೆದುಕೊಟ್ಟರು. ಅದರಲ್ಲಿ ಕಾರಣ ಎಂಬ ಕಡೆ ‘ಮಾಹಿತಿ ವಿನಿಮಯದ ಕೊರತೆ’ ಎಂದಿತ್ತು. ನಾರು ಇಲ್ಲ, ಅಪ್ಪಣೆ ಇಲ್ಲ. ನಾನು ಕೇಳಿದ್ದಕ್ಕೆ, “ಟೋಕಿಯೋದಿಂದ ತೀರ್ಪುಗಾರರು ಬರ್ತಾರೆ. ನಮ್ಮ ಹಳ್ಳಿ ಬಾಯಿಂದ ಸರಕು ಹಾಳಾಯ್ತು ಅಂತ ನಾವೇ ಡಂಗುರ ಹೊಡೆಯೋದಾ?” ಎಂದರು. ಅವರು ಹೇಳಿದ್ದರಲ್ಲೂ ನ್ಯಾಯ ಇದೆ ಅನ್ನಿಸಿತು.

ಒಂದೂವರೆ ತಿಂಗಳು ಬೆಳಿಗ್ಗೆ ರೇಡಿಯೋ ವಾರ್ತೆ ಓದುವವರ ಹಿಂದೆಯೇ ನಾನೂ ಹೇಳಿಕೊಂಡು ಬಂದೆ. ಊಟದ ಬಿಡುವಿನಲ್ಲಿ ಖಾಲಿ ಮೀನುಪೆಟ್ಟಿಗೆಗಳ ಮುಂದೆ ನಿಂತು ಒಪ್ಪಿಸಿದೆ. ಮೊದಲ ಸಲ ಹತ್ತೊಂಬತ್ತು ನಿಮಿಷ ಹಿಡಿಯಿತು. ತೊಮಿಎ ಗಡಿಯಾರ ಹಿಡಿದು ಕೂತು, “ಸಾವಿನ ಸುದ್ದಿ ಓದಿದಂಗೆ ಓದ್ತೀಯಲ್ಲೇ, ಯಾರ್ ಸತ್ರು ಹೇಳು,” ಎಂದಳು. ಸಾಲುಗಳನ್ನು ಕಿತ್ತುಹಾಕಿದೆವು. ಅಂಕಿ ಹೇಳಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸು, ಜನರಿಗೆ ಅದನ್ನು ನುಂಗಲು ಹೊತ್ತು ಬೇಕು ಎಂದು ಅವಳೇ ಹೇಳಿಕೊಟ್ಟಳು. ಚಿತ್ರದ ಹಾಳೆ ಬದಲಿಸುವಾಗ ಮಾತಾಡಬಾರದು, ಹಾಳೆ ತೋರಿಸುವ ಕೋಲನ್ನು ಕತ್ತಿಯ ಹಾಗೆ ಬೀಸಬಾರದು, ಸಭೆಯ ಕೊನೆಯ ಸಾಲಿನಲ್ಲಿ ಕೂತ ಒಬ್ಬರನ್ನು ಆರಿಸಿಕೊಂಡು ಅವರಿಗೇ ಹೇಳಬೇಕು. ಕೊನೆಗೆ ಹನ್ನೊಂದು ನಿಮಿಷ ನಲವತ್ತು ಸೆಕೆಂಡಿಗೆ ಬಂದು ನಿಂತಿತು. ಆದರೆ ಸುಜಿ ಬಾಯಿಗೆ ಬಂದರೆ ಶಿಜಿ ಬರುವುದಿಲ್ಲ, ಶಿಜಿ ಬಂದರೆ ಸುಜಿ ಓಡಿಹೋಗುತ್ತದೆ. ಸದ್ಯ ಭಾಷಣದಲ್ಲಿ ಆ ಎರಡು ಮಾತೇ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಗುರುವಾರ ನಮ್ಮದು ಒಂಬತ್ತನೇ ಸರದಿ. ಊಟವಾದ ಮೇಲಿನ ಹೊತ್ತು, ಸಭೆ ತೂಕಡಿಸುತ್ತಿತ್ತು. ಹತ್ತನೇ ನಿಮಿಷಕ್ಕೆ ಒಂದು ಸಲ, ಹನ್ನೆರಡಕ್ಕೆ ಹೊತ್ತು ಮುಗಿಯಿತೆಂದು ಇನ್ನೊಂದು ಸಲ ಗಂಟೆ ಹೊಡೆಯುತ್ತಾರೆ. ನಾನು ಸಭ್ಯ ಭಾಷೆಯಲ್ಲಿ, ಒಂದಕ್ಷರ ಜಾರದ ಹಾಗೆ, ಮೊದಲ ನಾಲ್ಕು ಹಾಳೆ ಮುಗಿಸಿದೆ. ಐದನೇ ಹಾಳೆ ಇಟ್ಟು, “ಕಾರಣವೇನೆಂದರೆ, ಮಾಹಿತಿ ವಿನಿಮಯದ ಕೊರತೆ,” ಎಂದು ಹೇಳಿ ಎರಡು ಎಣಿಸಿದೆ. ನುಂಗಲು ಅಲ್ಲಿ ಏನೂ ಇರಲಿಲ್ಲ. ಕೊನೆಯ ಸಾಲಿನಲ್ಲಿ ನಾನು ಆರಿಸಿಕೊಂಡವನು ಕುಗಾ-ಸಾನ್. ಹಾಳಾದ ತಟ್ಟೆಗಳೆಲ್ಲ ಅವನ ಪಾಳಿಯವೆಂದು ಆಗಲೇ ತೋರಿಸಿದ್ದೆ, ಅವನು ತಲೆ ಬಗ್ಗಿಸಿ ಮಂಡಿ ನೋಡುತ್ತಿದ್ದ. ಆ ಮನುಷ್ಯನನ್ನು ನಾಲ್ಕು ತಿಂಗಳು ಗೊಂಬೆ ಎಂದು ಕರೆದು, ಈಗ ಇಷ್ಟು ಜನರ ಮುಂದೆಯೂ ಅವನದೇ ತಪ್ಪು ಎಂಬಂತೆ ಬಿಟ್ಟುಬಿಡುವುದೇ ಅನ್ನಿಸಿತು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಕೋಲನ್ನು ಕೆಳಗಿಟ್ಟೆ. ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಕಾರ್ಖಾನೆಯಲ್ಲಿ ಕೂಗುವ ಹಾಗೆಯೇ “ಸುಜು!” ಎಂದು ಕೂಗಿದೆ. ಸಭೆಯ ನಿದ್ದೆ ಹಾರಿತು.

“ನಾನೀಗ ಏನಂದೆ ಹೇಳಿ ನೋಡಾನ,” ಎಂದೆ. “ನಾರು ಅಂದ್ನೋ, ಅಪ್ಪಣೆ ಅಂದ್ನೋ? ನಾರು ಅನ್ನೋರು ಒಸಿ ಕೈ ಎತ್ತಿ.”

ಅರ್ಧ ಜನ ಎತ್ತಿದರು. ಅಪ್ಪಣೆ ಅನ್ನುವವರು ಎಂದರೆ ಉಳಿದರ್ಧ. ಹೆಚ್ಚಿನವರೆಲ್ಲ ನಮ್ಮ ಕಡೆಯ ಕಾರ್ಖಾನೆಗಳವರೇ, ಅವರಿಗೂ ಗೊತ್ತಾಗಲಿಲ್ಲ ನೋಡು. ನಕ್ಕರು. ಮೊದಲು ಮುಂದಿನ ಸಾಲು, ಆಮೇಲೆ ಇಡೀ ಸಭೆ. ನಾನು ಕಾದೆ. ನಗು ಇಳಿದ ಮೇಲೆ ಹೇಳಿದೆ:

“ಕುಗಾ-ಸಾನ್‌ಗೆ ನಾಕ್ ತಿಂಗಳು ಆಗಿದ್ದು ಇದೇ. ಅವರ ಕಿವೀದು ತಪ್ಪಿಲ್ಲ. ನನ್ ಬಾಯೀದೂ ತಪ್ಪಿಲ್ಲ, ಇದು ನಮ್ಮವ್ವ ಕೊಟ್ಟ ಬಾಯಿ. ಅರ್ಥ ಆಗ್ಲಿಲ್ಲ ಅಂತ ಅವರು ಕೇಳ್ನಿಲ್ಲ, ಅರ್ಥ ಆಯ್ತಾ ಅಂತ ನಾವೂ ಕೇಳ್ನಿಲ್ಲ. ತಪ್ಪು ಅಲ್ಲೈತೆ.”

ಅಲ್ಲಿಂದ ಮುಂದೆ ನನ್ನ ಬಾಯಿ ತನ್ನ ದಾರಿ ತಾನೇ ಹಿಡಿಯಿತು. ಅದಕ್ಕೇ ಗಂಟೆ ಕಟ್ಟಿದೆವು, ಗಂಟೆಗೂ ನಮ್ಮೂರಲ್ಲಿ ಸುಜು ಅಂತಲೇ ಹೇಳುವುದು ಎನ್ನುವಷ್ಟರಲ್ಲಿ ಹತ್ತನೇ ನಿಮಿಷದ ಗಂಟೆ ಹೊಡೆಯಿತು. ತೀರ್ಪುಗಾರರೂ ನಕ್ಕುಬಿಟ್ಟರು. ಎರಡನೇ ಗಂಟೆಗೆ ಸರಿಯಾಗಿ ತಲೆ ಬಾಗಿಸಿ ವಂದಿಸಿದೆ.

ತೀರ್ಪುಗಾರರಲ್ಲಿ ಹಿರಿಯರಾದ ಪ್ರಾಧ್ಯಾಪಕರೊಬ್ಬರು, ಇವತ್ತು ಎಲ್ಲರೂ ಕಾರಣವನ್ನು ಹಾಳೆಯ ಮೇಲೆ ತೋರಿಸಿದರು, ಈ ತಾಯಿ ಅದನ್ನು ನಮ್ಮ ಕಿವಿಗೇ ಕೇಳಿಸಿದರು ಎಂದರು. ಕುಗಾ-ಸಾನ್ ನಮ್ಮ ಹತ್ತಿರ ಬಂದು ಬಗ್ಗಿ ನಿಂತವನು ಏಳಲೇ ಇಲ್ಲ. ನಾನೂ ಬಗ್ಗಿದೆ, ಮೊದಲು ಯಾರು ಏಳಬೇಕೆಂದು ಗೊತ್ತಾಗದೆ, ತೊಮಿಎ ಬಂದು ಬಿಡಿಸಬೇಕಾಯಿತು. ಓಯಾಮಾದಾ-ಸಾನ್ ಈಗ ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ, ‘ಸಹಜವಾಗಿ ಮಾತಾಡಿ’ ಎಂದು ಅವರೇ ನನಗೆ ಸಲಹೆ ಕೊಟ್ಟಿದ್ದರಂತೆ. ಹೇಳಿಕೊಳ್ಳಲಿ ಬಿಡು. ಪ್ರಶಸ್ತಿಪತ್ರವನ್ನು ನಿನ್ನ ಅಪ್ಪನ ಪಟದ ಮುಂದೆ ಇಟ್ಟಿದ್ದೇನೆ. ಐವತ್ತಾರನೇ ವಯಸ್ಸಿನಲ್ಲಿ ನನಗೆ ನನ್ನ ಮೇಲೆ ಇಷ್ಟು ಅಭಿಮಾನ ಹುಟ್ಟುತ್ತದೆ ಎಂದು ಅಂದುಕೊಂಡಿರಲಿಲ್ಲ.

ಮೊದಲ ಬಹುಮಾನ ಬಂದವರು ಫೆಬ್ರವರಿಯಲ್ಲಿ ನಿಮ್ಮ ಟೋಕಿಯೋದಲ್ಲಿ ಇಡೀ ದೇಶದವರ ಮುಂದೆ ಮಾತನಾಡಬೇಕು. ನಾನು ಬರುತ್ತಿದ್ದೇನೆ. ಅಳಿಯಂದಿರಿಗೆ ಹೇಳು. ಚಳಿಯಲ್ಲಿ ಒದ್ದೆ ತಲೆ ಮಾಡಿಕೊಂಡು ತಿರುಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಮ್ಮ,
ಹತ್ಸುಯೊ

ಮರೆತ ಮಾತು: ನಿನ್ನ ಅತ್ತೆಯವರು ಈ ಸಲವೂ ಗಂಟಲಿಗೆ ಒಳ್ಳೆಯದೆಂದು ಹಣ್ಣಿನ ಪಾನಕದ ಶೀಸೆ ಕಳಿಸಿದ್ದಾರೆ. ಹೋದ ವರ್ಷ ನಿನ್ನ ಮದುವೆಯ ದಿನ, ಅಪ್ಪ ಇಲ್ಲದ್ದರಿಂದ ನಮ್ಮ ಕಡೆಯ ನೆಂಟರನ್ನು ನಾನೇ ಪರಿಚಯಿಸಬೇಕಿತ್ತು. ಒಂಬತ್ತು ವಾಕ್ಯ ಕಲಿತುಕೊಂಡು ಬಂದಿದ್ದೆ, ಆಗಲೂ ರೇಡಿಯೋ ಹಿಂದೆ ಹಿಂದೆಯೇ ಹೇಳಿಕೊಂಡು. ನೀನು ಅತ್ತೆಯವರಿಗೆ, “ಅಮ್ಮನಿಗೆ ಗಂಟಲು ಕಟ್ಟಿದೆ, ಮಾತಾಡೋಕಾಗಲ್ಲ, ನಮ್ಮ ಸೋದರಮಾವ ಪರಿಚಯ ಮಾಡಿಕೊಡ್ತಾರೆ,” ಎಂದೆ. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನಿನ್ನ ಮಾತು ಸುಳ್ಳಾಗಬಾರದೆಂದು ನಾನು ಅವತ್ತು ಸಂಜೆಯವರೆಗೆ ಬಾಯಿ ತೆರೆಯಲಿಲ್ಲ, ನಿನ್ನನ್ನು ಕಳಿಸಿಕೊಡುವಾಗಲೂ. ಆಗ ತುಂಬಾ ನೋವಾಯಿತು ಮಿಹೊ, ಈಗಲೂ ಇದೆ. ಪಾನಕಕ್ಕೆ ವಂದನೆ ಹೇಳಿ ಪ್ರತಿ ಸಲ ಕಾರ್ಡು ಬರೆಯುತ್ತಿದ್ದೆ. ನಿನ್ನೆ ಅತ್ತೆಯವರಿಗೆ ಫೋನ್ ಮಾಡಿದೆ. ಗಂಟಲು ವಾಸಿಯಾಯಿತೇ ಎಂದು ಕೇಳಿದರು, ಆಯಿತು ಎಂದೆ. ಉಳಿದದ್ದು ನಾನು ಹೇಳಿಲ್ಲ, ನೀನೂ ಹೇಳಬೇಕಾಗಿಲ್ಲ. ಫೆಬ್ರವರಿಯಲ್ಲಿ ನನ್ನ ಮಾತು ಕೇಳಲು ಅವರು ಬರುತ್ತಾರಂತೆ. ನಮ್ಮೂರ ಮಾತು ಅವರಿಗೆ ಅರ್ಧಕ್ಕರ್ಧ ತಿಳಿಯುವುದಿಲ್ಲ. ನೀನು ಪಕ್ಕದಲ್ಲಿ ಕೂತು, ಅಮ್ಮ ಏನು ಹೇಳುತ್ತಿದ್ದಾಳೆ ಎಂದು ಅವರಿಗೆ ತಿಳಿಸಿಹೇಳು.