ಗೋದುಬಾಯಿಯ ಹಂಡೆಗೆ ಖರೀದಿ ಬಿಲ್ಲಿಲ್ಲ

ತೆರಿಗೆ ತಪಾಸಣೆಯ ಮುಖ್ಯಾಧಿಕಾರಿಗಳೇ,

ಮುಂಡಗೋಡ ಪೇಟೆಯಲ್ಲಿರುವ ನನ್ನ ಪಾತ್ರೆ ಅಂಗಡಿಯ ಹಿಂದಿನ ಕೋಣೆಗೆ ನೀವು ಸೀಲು ಹಾಕಿಸಿದ್ದೀರಿ. ಅದರೊಳಗೆ ಮಳಗಿ ಊರಿನ ಗೋದುಬಾಯಿಯ ತಾಮ್ರದ ಹಂಡೆ ಸಿಕ್ಕಿಕೊಂಡಿದೆ. ಅದು ನನ್ನ ಸರಕಲ್ಲ. ಕಚೇರಿಗೆ ಬಂದು ಹೇಳಿದೆ, ಬರೆದೂ ಕೊಟ್ಟೆ. ನೀವು ಕಿವಿಗೊಡಲಿಲ್ಲ, ಅದಕ್ಕೇ ಈಗ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ತಪಾಸಣೆ ಬರುತ್ತದೆಂದು ತಿಳಿದಾಗ ನಮ್ಮ ತೆರಿಗೆ ಸಲಹೆಗಾರರು ಬಿಲ್ಲುಗಳನ್ನೆಲ್ಲ ಜೋಡಿಸಿಕೊಟ್ಟು, "ಅಂಗಡಿ ಸ್ವಚ್ಛ ಇಡ್ರಿ ಅಕ್ಕಾರ, ಸಾಹೇಬ್ರ ಕಣ್ಣಿಗೆ ಚಂದ ಕಾಣ್ಬೇಕು" ಎಂದರು. ದೊಡ್ಡವರು ಬರುವಾಗ ಪಾತ್ರೆ ಬೆಳಗುವುದು ನಮ್ಮ ಪದ್ಧತಿ. ನಾನೂ ನಮ್ಮ ಮನೆಯವರೂ ಹುಣಸೆಹಣ್ಣು, ಉಪ್ಪು ಹಚ್ಚಿ ಅಂಗಡಿಯಲ್ಲಿದ್ದುದನ್ನೆಲ್ಲ ತಿಕ್ಕಿದೆವು. ಬೆಸುಗೆಗೆ, ಕಲಾಯಿಗೆ ಜನ ಬಿಟ್ಟುಹೋದ ಹಳೆಯ ಪಾತ್ರೆಗಳನ್ನೂ ಬಿಡಲಿಲ್ಲ. ಮಸಿ ಹಿಡಿದು ಮೂಲೆಯಲ್ಲಿದ್ದವನ್ನು ಹೊಳೆಯಿಸಿ, ಹೊಸದರ ಪಕ್ಕ ಸಾಲಾಗಿ ಇಟ್ಟೆವು. ನಿಮಗೆ ತೋರಿಸಿದ ಮರ್ಯಾದೆಯೇ ನಮಗೆ ಮುಳುವಾಯಿತು.

ನಿಮ್ಮವರು ಬಂದರು, ಚಹಾ ಕುಡಿದರು. ನನ್ನ ಮಾರಾಟದ ಲೆಕ್ಕದಲ್ಲಿ ಒಂದು ತಪ್ಪೂ ಸಿಗಲಿಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆ? ಹೊಳೆಯುವುದೆಲ್ಲ ಮಾರುವ ಸರಕೆಂದು ತೀರ್ಮಾನಿಸಿ ಖರೀದಿ ಬಿಲ್ಲು ಕೇಳಿದರು.

"ಸಾಹೇಬ್ರ, ಇವು ದುರಸ್ತಿಗೆ ಬಂದಾವ್ರಿ. ಕಂಠದ ಮ್ಯಾಲೆ ಹೆಸರು ಐತಿ ನೋಡ್ರಿ" ಎಂದೆ.

"ಹೆಸರು ಯಾರು ಬೇಕಾದರೂ ಕೊರೆಸಬಹುದು. ರಸೀದಿ ತೋರಿಸಿ."

ನಮ್ಮಲ್ಲಿ ದುರಸ್ತಿಗೆ ಚೀಟಿ ಬರೆಯುವ ರೂಢಿಯೇ ಇಲ್ಲ. ಕಂಠದ ಮೇಲೆ ಕೊರೆದ ಹೆಸರೇ ಚೀಟಿ. ಬಿಲ್ಲಿಲ್ಲದವನ್ನೆಲ್ಲ ನಿಮ್ಮವರು ಹಿಂದಿನ ಕೋಣೆಗೆ ತುಂಬಿಸಿ ಸೀಲು ಹಾಕಿದರು. ಗೋದುಬಾಯಿಯ ಮದುವೆಯಲ್ಲಿ ಅವಳಪ್ಪ ಕೊಟ್ಟ ಹಂಡೆಗೆ ನಾನು ಯಾರ ಬಿಲ್ಲು ತರಲಿ? ಆ ಪುಣ್ಯಾತ್ಮ ಮಣ್ಣು ಸೇರಿ ಯಾವ ಕಾಲವಾಯಿತು! ತಳ ಸೋರುತ್ತಿದ್ದ ಆ ಹಂಡೆಯನ್ನು ಕೊಟ್ಟು ಮುದುಕಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಲಗೂನ ಮಾಡಿಕೊಡವಾ ಸುನಂದಾ. ನನ್ನ ಕಡೀ ನೀರೂ ಇದರಾಗ ಕಾಯಬೇಕು."

ಹೋದ ವಾರ ಗೋದುಬಾಯಿ ತೀರಿಕೊಂಡಳು. ಅಂದು ಬೆಳಿಗ್ಗೆಯೇ ಅವಳ ಮಗ ಲಗಮಪ್ಪ ಬಂದು ನಿಂತ. "ಅಕ್ಕಾರ, ಅವ್ವ ಹೋದ್ಲರಿ. ಹಂಡೆ ಕೊಡ್ರಿ" ಎಂದ. ನಾನು ಬಾಗಿಲಿನ ಸೀಲು ತೋರಿಸಿದೆ. ಅವನು ಜಗಳ ತೆಗೆಯಲಿಲ್ಲ, ತೆಗೆದಿದ್ದರೆ ಚೆನ್ನಾಗಿತ್ತು. "ಸರಕಾರದ ಸೀಲ್ ಐತ್ರಿ, ನೀವರೇ ಏನ್ ಮಾಡ್ತೀರಿ" ಎಂದು ನೀರು ಕಾಯಿಸಲು ಒಂದು ಅಲ್ಯೂಮಿನಿಯಂ ಡಬರಿ ತೆಗೆದುಕೊಂಡ. ದುಡ್ಡು ಬೇಡವೆಂದರೂ ಕೇಳಲಿಲ್ಲ, ಎಣಿಸಿ ಇಟ್ಟ. ನಾನು ಬಿಲ್ಲು ಬರೆದೆ. ಅಭಿನಂದನೆಗಳು ಸಾಹೇಬರೇ, ಮುದುಕಿಯ ಕೊನೆಯ ಸ್ನಾನದ ನೀರಿನ ಮೇಲೂ ನಿಮ್ಮ ತೆರಿಗೆ ಸರಿಯಾಗಿ ಜಮೆಯಾಗಿದೆ.

ನನಗೆ ಪರಿಹಾರ ಬೇಡ. ನೀವೇ ಬಂದು ಸೀಲು ಒಡೆಯಿರಿ. ಹಂಡೆಯನ್ನು ಮಳಗಿಗೆ ಒಯ್ದು ನಿಮ್ಮ ಕೈಯಾರೆ ಲಗಮಪ್ಪನಿಗೆ ಕೊಡಿ. ಇನ್ನು ಇದರಲ್ಲಿ ಯಾರಿಗೆ ನೀರು ಕಾಯಿಸಲಿ ಎಂದು ಅವನು ಕೇಳಿದರೆ ಉತ್ತರವನ್ನೂ ನೀವೇ ಹೇಳಿ.

ಇಂತಿ,
ಇನ್ನು ಮೇಲೆ ಯಾವ ದೊಡ್ಡವರು ಬಂದರೂ ಪಾತ್ರೆ ಬೆಳಗದ
ಸುನಂದಾ
ಪಾತ್ರೆ ಅಂಗಡಿ, ಮುಂಡಗೋಡ