ನಾಲ್ಕನೇ ಪಿರಿಯಡ್

ಹೊನ್ನಾಳಿ, ೯-೬-೮೬, ಸೋಮವಾರ
ಬೆಳಿಗ್ಗೆ ಎರಡು ಗಣಿತ ಕ್ಲಾಸ್. ಆಮೇಲೆ ಕಂಪ್ಯೂಟರ್ ರೂಮ್. ಕರೆಂಟ್ ಇತ್ತು. ನಾನು ಬರೆದ ಟೈಮ್‌ಟೇಬಲ್ ಪ್ರೋಗ್ರಾಂ ಕೊನೆಗೂ ಓಡಿತು. ಯಾರಾದರೂ ರಜೆ ಹಾಕಿದರೆ ಆ ಹೊತ್ತಿಗೆ ಬಿಡುವಿರುವವರನ್ನು ಅದೇ ಹುಡುಕುತ್ತದೆ. ಒಂದೊಂದು ವಿಷಯಕ್ಕೆ ಒಂದೊಂದು ಅಂಕಿ: ಕನ್ನಡ ೧, ಇಂಗ್ಲಿಷ್ ೨, ಹಿಂದಿ ೩... ಬೇಸಿಕ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಏನೂ ತುಂಬದ ಜಾಗ ತಾನಾಗಿಯೇ ಸೊನ್ನೆ. ಸೊನ್ನೆ ಅಂದರೆ ಬಿಡುವು. ಅನುಕೂಲ. ಇಷ್ಟು ವರ್ಷ ಕೈಯಲ್ಲಿ ಬರೆಯುತ್ತಿದ್ದ ಹೆಡ್‌ಮಾಸ್ಟರ್ ಕೊಟ್ರಬಸಪ್ಪನವರಿಗೆ ನಿರಾಳ.

೧೮-೬
ಹಿಂದಿ ಟೀಚರ್ ಗಿಡ್ಡಮ್ಮ ಬಂದಿದ್ದರು. ಹೆರಿಗೆ ರಜೆ ಮುಗಿಸಿ ಈಗಷ್ಟೇ ಸೇರಿದವರು. ನಾಲ್ಕನೇ ಪಿರಿಯಡ್‌ಗೆ ದಿನಾ ಯಾರದೋ ಕ್ಲಾಸ್ ಬೀಳುತ್ತಿದೆ ಅಂತ ದೂರು.
“ಆ ಪಿರಿಯಡ್ ನಿಮಗೆ ಖಾಲಿ ಐತಲ್ರೀ ಮೇಡಂ.”
“ಖಾಲಿ ಅಲ್ಲ ಸಾರ್. ಮನಿಗೋಗಿ ಕೂಸಿಗೆ ಹಾಲು ಕುಡಿಸಿ ಬರಾಕೆ ಅಂತ ಹೆಡ್‌ಮಾಸ್ಟ್ರು ಬಿಟ್ಟಿದ್ದು.”
ಸ್ಕ್ರೀನ್ ತೋರಿಸಿದೆ. “ಪಾಠ ಇಲ್ಲಾಂದ್ರೆ ಸೊನ್ನೆ ರೀ. ಇದ್ರಾಗೆ ಬೇರೆ ಹೆಂಗೂ ಹಾಕಾಕೆ ಬರಲ್ಲ.”
ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೋದರು.

೨೦-೬
ಇವತ್ತೂ ನಾಲ್ಕನೇ ಪಿರಿಯಡ್ ಕ್ಲಾಸ್ ಗಿಡ್ಡಮ್ಮನವರಿಗೇ ಬಿತ್ತು. ಹೆಡ್‌ಮಾಸ್ಟರ್‌ಗೆ ಹೇಳಿದೆ. “ಕಂಪ್ಯೂಟರ್ ಹೇಳಿದ ಮ್ಯಾಲೆ ಆಯ್ತು ಬಿಡ್ರಿ,” ಅಂದರು.

೪-೭, ರಾತ್ರಿ ಊಟಕ್ಕೆ ಮೊದಲು
ಹೆಂಡತಿ ಉಚ್ಚಂಗಮ್ಮ ಒಲೆ ಮುಂದೆ ಕೂತಿದ್ದಳು. ಸುಮ್ಮನೆ ಕೂತಿದ್ದೀಯಲ್ಲ, ಅಂಗಿಗೆ ಗುಂಡಿ ಹಾಕಿಕೊಡು ಅಂದೆ.
“ಸುಮ್ನೆ ಕುಂತಿಲ್ರೀ. ಅನ್ನ ಬೇಯ್ತಾ ಐತೆ. ಗಂಜಿ ಬಸೀಬೇಕು.”
ಕೈ ಖಾಲಿ ಇತ್ತು. ಅವಳು ಖಾಲಿ ಇರಲಿಲ್ಲ... ಇದು ಗೊತ್ತಿಲ್ಲದ್ದಲ್ಲ. ಈಚೆಗೆ ಯಾರನ್ನು ನೋಡಿದರೂ ಕೆಲಸ ಇದೆ, ಕೆಲಸ ಇಲ್ಲ — ಎರಡೇ ಕಾಣುತ್ತಿವೆ.

೫-೭, ಶನಿವಾರ
ಒಂದೇ ಸಾಲು ಸೇರಿಸಿದೆ. ಗಿಡ್ಡಮ್ಮನವರ ನಾಲ್ಕನೇ ಪಿರಿಯಡ್‌ಗೆ ಸೊನ್ನೆ ಬದಲು ಮೈನಸ್ ಒಂದು. ಬೇಸಿಕ್ ಬೇಡ ಅನ್ನಲಿಲ್ಲ. ಬರುವುದಿಲ್ಲ ಅಂದವನು ನಾನೇ.
“ಮೈನಸ್ ಒಂದು ಯಾವ ಸಬ್ಜೆಕ್ಟ್ ರೀ?” ಹೆಡ್‌ಮಾಸ್ಟರ್ ಕೇಳಿದರು.
“ಸಬ್ಜೆಕ್ಟ್ ಅಲ್ಲ ಸಾರ್. ಮುಟ್ಟಬಾರ್ದು ಅಂತ.”

೭-೭, ಸೋಮವಾರ
ಪ್ರೋಗ್ರಾಂ ಬೇರೆಯವರನ್ನು ಕರೆಯಿತು. ಸ್ಟಾಫ್ ರೂಮಿಗೆ ಹೋದರೆ ಗಿಡ್ಡಮ್ಮ ಅಲ್ಲೇ ಕೂತು ನೋಟ್ಸ್ ತಿದ್ದುತ್ತಿದ್ದರು.
“ಮನಿಗೆ ಹೋಗ್ಲಿಲ್ವ ಮೇಡಂ? ಇನ್ನು ಯಾರೂ ಕರೆಯಲ್ಲ.”
“ಕೂಸು ಕತ್ತಲಗೆರೆಗೆ ಹೋತು ಸಾರ್, ನಮ್ಮವ್ವನ ತಾವ. ಬಾಟ್ಲಿ ಹಾಲು ರೂಢಿ ಆಗೈತೆ.” ತಲೆ ಎತ್ತಲಿಲ್ಲ. “ಕ್ಲಾಸ್ ಇದ್ರೆ ಹೇಳ್ರಿ, ಹೋಗ್ತೀನಿ.”
ಎದುರಿನ ಕುರ್ಚಿಯಲ್ಲಿ ಕೂತೆ. ಕೂಸಿನ ಹೆಸರು ಕೇಳಿದೆ. ಈಗ.
“ಅಂತರಘಟ್ಟಮ್ಮ. ಮನೆದೇವ್ರ ಹೆಸ್ರು.”
ಪೆನ್ನು ಮುಚ್ಚಿಟ್ಟರು. ಇನ್ನೂ ಏನೋ ಹೇಳುವವರಿದ್ದರು. ಬೆಲ್ ಹೊಡೆಯಿತು. ನಾನು ಅವರಿಗೆ “ಹೇಳ್ರಿ ಮೇಡಂ” ಅಂದೆ, ಕುರ್ಚಿ ಬಿಟ್ಟು ಏಳಲಿಲ್ಲ.